ವಿಟಮಿನ್ ಡಿ ಸರಿಹೋದರೆ ಶುಗರ್ ಮಾತ್ರೆ ಬಿಡಬಹುದಾ?

ಮುಟ್ಟು ನಿಂತ ಮೇಲೆ ಶುಗರ್ ಶುರುವಾಗಿ ನನ್ನ ಹತ್ತಿರ ಬರುವ ಹೆಂಗಸರು ಈಗೀಗ ವಿಟಮಿನ್ ಡಿ ರಿಪೋರ್ಟನ್ನೂ ಹಿಡಿದುಕೊಂಡೇ ಬರುತ್ತಾರೆ. "ಇದೊಂದು ಸರಿಹೋದ್ರೆ ಮಾತ್ರೆ ಬಿಡಬಹುದಾ ಡಾಕ್ಟ್ರೇ?" ಅಂತ ಕೇಳುತ್ತಾರೆ. ಇಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ಡಿ ಕಡಿಮೆ ಇರುವವರಲ್ಲಿ ಶುಗರ್ ಜಾಸ್ತಿ ಕಾಣುತ್ತದೆ, ನಿಜ. ಆದರೆ ಈಸ್ಟ್ರೋಜನ್ ಎನ್ನುವ ಹೆಣ್ಣಿನ ಹಾರ್ಮೋನ್ ಇಳಿದ ಮೇಲೆ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದಲ್ವಾ, ಅದು ಇನ್ಸುಲಿನ್ನಿಗೂ ಅಡ್ಡಿ, ವಿಟಮಿನ್ ಡಿಯನ್ನೂ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಎರಡೂ ಒಟ್ಟಿಗೆ ಕಂಡ ಮಾತ್ರಕ್ಕೆ ಡಿ ಕೊರತೆಯಿಂದಲೇ ಶುಗರ್ ಬಂತು ಅನ್ನಲಾಗದು. 2019ರಲ್ಲಿ ಡಿ2ಡಿ ಎನ್ನುವ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಮಧುಮೇಹದ ಅಂಚಿನಲ್ಲಿದ್ದ 2,423 ಜನ ಅದರಲ್ಲಿದ್ದರು. ದಿನಾ 4,000 ಯೂನಿಟ್ ಡಿ ತಿಂದವರಿಗೂ ಔಷಧಿಯಿಲ್ಲದ ಮಾತ್ರೆ ತಿಂದವರಿಗೂ ಮಧುಮೇಹ ಬರುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. (ಅವರಲ್ಲಿ ಹೆಚ್ಚಿನವರಿಗೆ ಡಿ ಕೊರತೆಯೇ ಇರಲಿಲ್ಲ, ಅದು ಬೇರೆ ಮಾತು.)

ಹಾಗಂತ ರಿಪೋರ್ಟನ್ನು ಪಕ್ಕಕ್ಕಿಡುವುದಿಲ್ಲ. ಕೈ ಕಟ್ಟಿಕೊಂಡು ಕುರ್ಚಿಯಿಂದ ಏಳಿ ಅನ್ನುತ್ತೇನೆ. ಕೆಲವರು ಮುಂದಕ್ಕೆ ಬಾಗುತ್ತಾರೆ, ಅರ್ಧ ಏಳುತ್ತಾರೆ, ಮತ್ತೆ ಕೂರುತ್ತಾರೆ. ಕೊನೆಗೆ ತೊಡೆಗೆ ಕೈ ಊರಿಯೇ ಏಳಬೇಕು. ಮೊಣಕಾಲ ಕೆಳಗಿನ ಮೂಳೆಯನ್ನು ಹೆಬ್ಬೆರಳಿಂದ ಒತ್ತಿದರೆ ಕೆಲವರು ಕಾಲು ಎಳೆದುಕೊಳ್ಳುತ್ತಾರೆ. ಡಿ ತೀರಾ ಕಡಿಮೆಯಾದಾಗ ತೊಡೆ, ಸೊಂಟದ ಸ್ನಾಯುಗಳು ಸೋಲುತ್ತವೆ, ಮೂಳೆ ನೋಯುತ್ತದೆ. ಇಂಥವರಿಗೆ ದಿನಾ ವಾಕಿಂಗ್ ಮಾಡಿ ಅಂತ ಸುಮ್ನೆ ಹೇಳಿ ಏನು ಪ್ರಯೋಜನ? ನಡೆಯಲಾರದವರಿಗೆ ಸೋಮಾರಿತನ ಅಂತ ಮನೆಯವರು ಬೈಯುವುದನ್ನೂ ಕೇಳಿದ್ದೇನೆ.

ರಕ್ತದಲ್ಲಿ ಡಿ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಕೆಲವು ವಾರ ದೊಡ್ಡ ಡೋಸ್ ಕೊಟ್ಟು, ಆಮೇಲೆ ಸಣ್ಣ ಡೋಸಿಗೆ ಇಳಿಸುತ್ತೇನೆ. ಖಾಲಿ ಹೊಟ್ಟೆಯಲ್ಲಿ ಬೇಡ, ಸ್ವಲ್ಪ ಜಿಡ್ಡಿರುವ ಊಟದ ಜೊತೆ ತಗೊಳ್ಳಿ ಅನ್ನುತ್ತೇನೆ. ಮೂರು ತಿಂಗಳಿಗೆ ಮುಂಚೆ ಮತ್ತೆ ಟೆಸ್ಟ್ ಮಾಡಿಸುವುದಿಲ್ಲ. ಎಚ್‌ಬಿಎ1ಸಿ ಎನ್ನುವ ಟೆಸ್ಟ್ ಕೂಡ ಹೆಚ್ಚುಕಡಿಮೆ ಅಷ್ಟೇ ಕಾಲದ ಸರಾಸರಿ ಶುಗರಿನ ಲೆಕ್ಕ ಹೇಳುವುದರಿಂದ ಎರಡಕ್ಕೂ ಒಂದೇ ಸಲ ರಕ್ತ ಕೊಟ್ಟರೆ ಸಾಕು. ಕಾಲಿಗೆ ಬಲ ಬಂದು ಓಡಾಟ ಶುರುವಾದವರಲ್ಲಿ ಶುಗರ್ ಕೂಡ ಇಳಿದದ್ದನ್ನು ನೋಡಿದ್ದೇನೆ. ಅದು ಓಡಾಟದ ಫಲ ಅಂತಲೇ ನನ್ನ ಅಂದಾಜು.

ಮೂಳೆಯ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಶುಗರ್ ಇರುವವರಿಗೆ ಸ್ಕ್ಯಾನಿನಲ್ಲಿ ಮೂಳೆ ಗಟ್ಟಿ ಅಂತ ಬಂದರೂ ಮುರಿಯುವ ಭಯ ಇದ್ದೇ ಇರುತ್ತದೆ. ಪಿಯೋಗ್ಲಿಟಜೋನ್ ಎನ್ನುವ ಶುಗರ್ ಮಾತ್ರೆ ಹೆಂಗಸರಲ್ಲಿ ಆ ಭಯವನ್ನು ಹೆಚ್ಚಿಸುತ್ತದೆ. ಹಾಗಾಗಿ ಹಳೇ ಚೀಟಿಗಳನ್ನೆಲ್ಲ ತನ್ನಿ ಅನ್ನುತ್ತೇನೆ.

ಚೀಟಿ ನೋಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಒಬ್ಬ ಡಾಕ್ಟರ್ ಬರೆದ ದೊಡ್ಡ ಡೋಸನ್ನು ನಿಲ್ಲಿಸದೆ ತಿಂಗಳುಗಟ್ಟಲೆ ತಿನ್ನುವವರಿದ್ದಾರೆ. ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಆಗ ಬಾಯಾರಿಕೆ, ಪದೇಪದೇ ಮೂತ್ರ, ಸುಸ್ತು. ಎಲ್ಲವೂ ಶುಗರ್ ಏರಿದಂತೆಯೇ ಕಾಣುತ್ತವೆ. ಅಂಥವರಿಗೆ ಶುಗರ್ ಮಾತ್ರೆ ಜಾಸ್ತಿ ಮಾಡುವ ಮುಂಚೆ ಕ್ಯಾಲ್ಸಿಯಂ ಟೆಸ್ಟ್ ಬರೆಯುತ್ತೇನೆ.