ಕಾಪಿ, ಕಾಫಿ ಮತ್ತು ಒಂದು ನಿಮಿಷದ ಧ್ವನಿಸಂದೇಶ: ಮಂಡ್ಯದಲ್ಲಿ ಇಂಗ್ಲಿಷ್ ಕಲಿಸಿದ ನನ್ನ ಅನುಭವ

ಕಳೆದ ಫೆಬ್ರವರಿಯಲ್ಲಿ ಮುಗಿದ ನನ್ನ ತಂಡಕ್ಕೆ 26 ಮಂದಿ ಸೇರಿದ್ದರು. ಅವರಲ್ಲಿ 21 ಮಂದಿ ನಾಲ್ಕು ತಿಂಗಳೂ ಬಿಡದೆ ಉಳಿದರು. ಸ್ಪೋಕನ್ ಇಂಗ್ಲಿಷ್ ತರಗತಿ ನಡೆಸುವವರಿಗೆ ಈ ಅಂಕಿಯ ಬೆಲೆ ಗೊತ್ತಿರುತ್ತದೆ, ಏಕೆಂದರೆ ಮೊದಲ ತಿಂಗಳ ಶುಲ್ಕ ಕಟ್ಟಿದವರಲ್ಲಿ ಅರ್ಧದಷ್ಟು ಮಂದಿ ಎರಡನೆಯ ತಿಂಗಳಿಗೆ ಕಾಣದಿರುವುದೇ ನಮ್ಮ ವೃತ್ತಿಯಲ್ಲಿ ವಾಡಿಕೆ. ಕೆರಗೋಡು, ಬಸರಾಳು, ದುದ್ದ, ಪಾಂಡವಪುರದ ಕಡೆಯಿಂದ ಬರುವ ಕನ್ನಡ ಮಾಧ್ಯಮದ ಹುಡುಗ ಹುಡುಗಿಯರಿಗೆ ಆನ್‌ಲೈನ್ ಸಾಧನಗಳಿಂದ ಮಾತು ಕಲಿಸಲಾಗದು ಎಂದು ನನಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ಮೂವತ್ತು ವರ್ಷ ಪಾಠ ಮಾಡಿದ ಹಿರಿಯರೊಬ್ಬರು, “ಮೇಷ್ಟ್ರೇ, ಫೋನ್ ಕೈಗ್ ಕೊಟ್ರೆ ಐಕ್ಳು ರೀಲ್ಸ್ ನೋಡ್ತವೆ ಅಷ್ಟೇಯ. ಗ್ರಾಮರ್ ಬೋರ್ಡ್ ಮ್ಯಾಲೆ ಬರುದ್ರೇನೆ ತಲೇಗ್ ಹೋಗೋದು” ಎಂದಿದ್ದರು. ಅವರ ಮೇಲೆ ನನಗೆ ಈಗಲೂ ಗೌರವವಿದೆ, ಆದರೆ ಅವರ ಮಾತು ಈ ವಿಷಯದಲ್ಲಿ ನಿಜವಾಗಲಿಲ್ಲ.

ಕಳೆದುಕೊಂಡ ದುಡ್ಡಿನ ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ. 2020ರ ಲಾಕ್‌ಡೌನ್‌ನಲ್ಲಿ ತರಗತಿಯ ಕೊಠಡಿಗೆ ಬೀಗ ಬಿದ್ದಾಗ ಎಲ್ಲರಂತೆ ನಾನೂ ವಿಡಿಯೋ ತರಗತಿಗೆ ಇಳಿದೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ಸುಮಾರು 22,000 ರೂಪಾಯಿ, ನೇರ ತರಗತಿ ನಡೆಸಲು ಅನುಕೂಲ ಮಾಡಿಕೊಡುವ ಸೇವೆಯೊಂದಕ್ಕೆ ವರ್ಷದ ಚಂದಾ 14,000ದ ಆಸುಪಾಸು, ಹನ್ನೆರಡು ಪಾಠಗಳನ್ನು ವಿಡಿಯೋ ಮಾಡಿಸಲು ಎಂಟೋ ಒಂಬತ್ತೋ ಸಾವಿರ ಕೈಬಿಟ್ಟಿತು. ಸಂಜೆ ಆರೂವರೆಗೆ ತರಗತಿ ಇಟ್ಟರೆ ಅದು ಹಾಲು ಕರೆದು ಡೇರಿಗೆ ಹಾಕಿ ಬರುವ ಹೊತ್ತು. ಎಂಟಕ್ಕೆ ಇಟ್ಟರೆ ಎಷ್ಟೋ ಊರುಗಳಲ್ಲಿ ಕರೆಂಟ್ ಇರುತ್ತಿರಲಿಲ್ಲ. ಹದಿನೆಂಟು ಮಂದಿ ಸೇರಿದ ತರಗತಿಯಲ್ಲಿ ಮುಖ ತೋರಿಸುತ್ತಿದ್ದವರು ಐದಾರು ಮಂದಿ, ಬಾಯಿ ಬಿಡುತ್ತಿದ್ದವರು ಇಬ್ಬರೇ. ಮಾಡಿಸಿದ ವಿಡಿಯೋಗಳನ್ನು ಎಷ್ಟು ಹೊತ್ತು ನೋಡಿದ್ದಾರೆಂದು ತೆಗೆದು ನೋಡಿದರೆ ಹೆಚ್ಚಿನವರು ಎರಡು ನಿಮಿಷ ದಾಟಿರಲಿಲ್ಲ. ಆಟದ ರೂಪದ ಕ್ವಿಜ್‌ಗಳನ್ನೂ ಮಾಡಿದೆ. ಹುಡುಗರು ಉತ್ಸಾಹದಿಂದ ಆಡಿದರು, ಆದರೆ ಉತ್ತರಕ್ಕೆಂದು ತೆರೆಯ ಮೇಲಿನ ನಾಲ್ಕು ಬಣ್ಣಗಳಲ್ಲಿ ಒಂದನ್ನು ಒತ್ತಲು ಬಾಯಿ ತೆರೆಯಬೇಕಾಗಿರಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ನನ್ನ ನಷ್ಟ ನಲವತ್ತು ಸಾವಿರ ದಾಟಿತ್ತು, ಮನೆಯಲ್ಲಿ ಇದರ ಮಾತೆತ್ತುವಂತಿರಲಿಲ್ಲ.

ದಾರಿ ಕಾಣಿಸಿದ್ದು ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಹುಡುಗಿಯಿಂದ. ಪಾಳಿ ಬದಲಾಗಿ ತರಗತಿಗೆ ಬರಲಾಗದಿದ್ದಾಗ ಆಕೆ, ಹೇಳಬೇಕಾದುದನ್ನು ವಾಟ್ಸಾಪ್‌ನಲ್ಲಿ ರೆಕಾರ್ಡ್ ಮಾಡಿ ಕಳಿಸಲೇ ಎಂದು ಕೇಳಿದಳು. ಬಂದ ಸಂದೇಶ ಐವತ್ತು ಸೆಕೆಂಡಿನದು, ತರಗತಿಯಲ್ಲಿ ಆಕೆ ಆಡುತ್ತಿದ್ದುದಕ್ಕಿಂತ ಎಷ್ಟೋ ಉತ್ತಮವಾಗಿತ್ತು. ಎಷ್ಟು ಸಲ ರೆಕಾರ್ಡ್ ಮಾಡಿದೆ ಎಂದು ವಿಚಾರಿಸಿದರೆ, “ಏಳು ಸಲ ಅಳಿಸ್ದೆ ಸಾರ್” ಎಂದಳು. ಆ ಏಳು ಸಲ ಅಳಿಸಿದ್ದೇ ಪಾಠ ಎಂಬುದು ನನಗೆ ಹೊಳೆದದ್ದು ಆಗ. ಬೋರ್ಡಿನ ಮುಂದೆ ನಿಲ್ಲಿಸಿ ಮಾತಾಡಿಸಿದರೆ ಒಂದು ಸಲ ಆಡುತ್ತಾರೆ, ನಾಚಿಕೊಂಡು ಕುಳಿತುಬಿಡುತ್ತಾರೆ. ಯಾರೂ ಇಲ್ಲದ ಕಡೆ ಫೋನಿನೆದುರು ತಮ್ಮ ದನಿಯನ್ನು ತಾವೇ ಕೇಳಿಸಿಕೊಂಡು, ಮೆಚ್ಚದೆ, ತಾವೇ ತಿದ್ದಿಕೊಳ್ಳುತ್ತಾರೆ.

ಅಲ್ಲಿಂದ ದಿನಕ್ಕೊಂದು ಧ್ವನಿಸಂದೇಶ ಎಂಬ ನಿಯಮ ಮಾಡಿದೆ. ಅದು ಒಂದು ನಿಮಿಷ ಮೀರಬಾರದು, ಬರೆದುಕೊಂಡು ಓದಬಾರದು, ರಾತ್ರಿ ಹತ್ತರೊಳಗೆ ಬರಬೇಕು. ಮೊದಲು ಇದನ್ನು ಗುಂಪಿನಲ್ಲೇ ಹಾಕಿಸುತ್ತಿದ್ದೆ. ಮೂರೇ ದಿನದಲ್ಲಿ ಹೆಣ್ಣುಮಕ್ಕಳು ಸುಮ್ಮನಾದರು, ಚೆನ್ನಾಗಿ ಮಾತನಾಡುವ ಮೂವರು ಮಾತ್ರ ಉಳಿದರು. ಈಗ ಸಂದೇಶ ನೇರವಾಗಿ ನನಗೆ ಬರುತ್ತದೆ, ಗುಂಪಿಗೆ ಹೋಗುವುದಿಲ್ಲ. ವಿಷಯ ಕೊಡುವಾಗ ‘ನಿಮ್ಮ ಬಗ್ಗೆ ಹೇಳಿ’ ಎಂಬಂಥದನ್ನು ಕೊಡುವುದೇ ಇಲ್ಲ, ಅದಕ್ಕೆ ಎಲ್ಲರೂ ಬಾಯಿಪಾಠ ಮಾಡಿದ ಆರು ವಾಕ್ಯಗಳು ಇದ್ದೇ ಇರುತ್ತವೆ. ಊರಿಗೆ ಹೊಸದಾಗಿ ಬಂದ, ಕನ್ನಡ ಬಾರದ ಬ್ಯಾಂಕ್ ಮ್ಯಾನೇಜರಿಗೆ ಆಲೆಮನೆಯಲ್ಲಿ ಬೆಲ್ಲ ಹೇಗಾಗುತ್ತದೆ ಎಂದು ತಿಳಿಸಿ ಹೇಳಬೇಕು, ಇಲ್ಲವೇ ನಾಲೆಗೆ ನೀರು ಬಿಡದಿರುವುದರಿಂದ ಸಾಲದ ಕಂತಿಗೆ ಒಂದು ತಿಂಗಳ ಗಡುವು ಕೇಳಬೇಕು ಎಂಬ ರೀತಿಯ ವಿಷಯಗಳನ್ನು ಕೊಡುತ್ತೇನೆ. ಹೇಳಲು ವಿಷಯವಿದ್ದಾಗ ಪದ ಹುಡುಕುವ ಹಟ ತಾನಾಗಿ ಬರುತ್ತದೆ. ಪದ ಸಿಗದಿದ್ದರೆ ‘ಅಲರ್’ ನೋಡಿ ಎನ್ನುತ್ತೇನೆ, ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ, ಒಂದೂವರೆ ಲಕ್ಷದಷ್ಟು ನಮೂದುಗಳಿರುವ ಆ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತಿದೆ, ಕನ್ನಡದಿಂದ ಹೊರಡುವ ಕಲಿಕೆಗೆ ಅದಕ್ಕಿಂತ ಉಪಕಾರಿಯಾದುದನ್ನು ನಾನು ಕಂಡಿಲ್ಲ.

26 ಸಂದೇಶಗಳನ್ನು ಕೇಳಿ ಉತ್ತರಿಸಲು ನನಗೆ ಐವತ್ತು ನಿಮಿಷ ಬೇಕು. ವ್ಯಾಕರಣಕ್ಕಾಗಿ ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತೇನೆ, ಉಚ್ಚಾರಣೆಗೆ ಆ ವೇಗ ಆಗದು. ಒಬ್ಬರಿಗೆ ದಿನಕ್ಕೆ ಒಂದೇ ತಿದ್ದುಪಡಿ, ಅದೂ ನನ್ನ ದನಿಯಲ್ಲೇ. ಆರಂಭದಲ್ಲಿ ಏಳೆಂಟು ತಪ್ಪುಗಳನ್ನು ಪಟ್ಟಿ ಮಾಡಿ ಕಳಿಸುತ್ತಿದ್ದೆ, ಅದನ್ನು ಓದಿದವರು ಮರುದಿನ ಸಂದೇಶ ಕಳಿಸುತ್ತಲೇ ಇರಲಿಲ್ಲ.

ಕೇಳುವ ಅಭ್ಯಾಸಕ್ಕೆ ಏನು ಬಳಸಬೇಕೆಂಬುದು ನಿಮಗೆಲ್ಲ ಗೊತ್ತಿರುವುದೇ ಆದ್ದರಿಂದ ಬೇಗ ಮುಗಿಸುತ್ತೇನೆ. ಮೊದಲ ಎರಡು ತಿಂಗಳಿಗೆ ಅಮೆರಿಕ ಸರ್ಕಾರದ ಬಾನುಲಿ ಸಂಸ್ಥೆ ವಾಯ್ಸ್ ಆಫ್ ಅಮೆರಿಕದ ಹಳೆಯ ಕಲಿಕಾ ಕಾರ್ಯಕ್ರಮಗಳು ಸಾಕು. 1959ರಲ್ಲಿ ‘ಸ್ಪೆಷಲ್ ಇಂಗ್ಲಿಷ್’ ಎಂದು ಆರಂಭವಾದ, ಸುಮಾರು 1,500 ಪದಗಳೊಳಗೆ ನಿಧಾನವಾಗಿ ಓದುವ ಆ ಧಾಟಿ ನಮ್ಮ ಹುಡುಗರ ಕಿವಿಗೆ ಒಗ್ಗುತ್ತದೆ. ಆಮೇಲೆ ಬಿಬಿಸಿಯ ‘ಸಿಕ್ಸ್ ಮಿನಿಟ್ ಇಂಗ್ಲಿಷ್’. ಒಂದು ಪದವನ್ನು ಬೇರೆ ಬೇರೆಯವರು ಹೇಗೆ ಆಡುತ್ತಾರೆಂದು ಕೇಳಿಸಲು ಯೂಗ್ಲಿಷ್ ಎಂಬ ಜಾಲತಾಣ. ಇವಿಷ್ಟೂ ಉಚಿತ. ಆಡಿಯೋಗಳನ್ನು ತರಗತಿಯ ವೈಫೈನಲ್ಲಿ ಇಳಿಸಿಕೊಂಡು ಹೋಗಿರೆಂದು ಹೇಳುತ್ತೇನೆ, ಬಸ್ಸಿನಲ್ಲಿ ಕೇಳುತ್ತಾರೆ.

ನಾನು ಹೆಮ್ಮೆಯಿಂದ ಹೇಳಿಕೊಳ್ಳುವುದು ಆಡಿದ ಮಾತನ್ನು ಕೇಳಿ ಅಕ್ಷರಕ್ಕಿಳಿಸುವ ಫೋನಿನ ಧ್ವನಿ ಟೈಪಿಂಗನ್ನು ಉಚ್ಚಾರಣೆಯ ಪರೀಕ್ಷಕನನ್ನಾಗಿ ಮಾಡಿಕೊಂಡ ಬಗೆಯನ್ನು. ಈ ಯೋಚನೆ ಹೊಸದಲ್ಲ, ನಿಮ್ಮಲ್ಲಿ ಅನೇಕರು ಮಾಡಿ ಕೈಬಿಟ್ಟಿರುತ್ತೀರಿ. ನಾನೂ ಎರಡು ಸಲ ಕೈಬಿಟ್ಟೆ. ಮೊದಲ ಸಲ ಭಾಷೆಯನ್ನು ಅಮೆರಿಕದ ಇಂಗ್ಲಿಷಿಗೆ ಇಟ್ಟಿದ್ದೆ. ಹುಡುಗರು ಏನು ಹೇಳಿದರೂ ಅದು ಇನ್ನೇನನ್ನೋ ಬರೆಯುತ್ತಿತ್ತು, ಒಂದೇ ವಾರದಲ್ಲಿ ಅವರ ಧೈರ್ಯ ಕುಸಿಯಿತು. ಎರಡನೆಯ ಸಲ ಭಾರತದ ಇಂಗ್ಲಿಷಿಗೆ ಬದಲಾಯಿಸಿದೆ. ಆಗ ತಪ್ಪು ಉಚ್ಚರಿಸಿದರೂ ಎಲ್ಲವನ್ನೂ ಸರಿಯಾಗಿಯೇ ಬರೆಯತೊಡಗಿತು. ಯಂತ್ರ ಕೇಳಿಸಿಕೊಂಡು ಬರೆಯುವುದರ ಜೊತೆಗೆ ಅಕ್ಕಪಕ್ಕದ ಪದಗಳಿಂದ ಊಹಿಸಿಯೂ ಬರೆಯುತ್ತದೆ ಎಂಬುದು ನನಗೆ ಅರ್ಥವಾಗಲು ಮೂರು ತಿಂಗಳು ಹಿಡಿಯಿತು. ‘ಐ ಡ್ರಿಂಕ್ ಕಾಪಿ ಎವೆರಿ ಮಾರ್ನಿಂಗ್’ ಎಂದರೆ ಅದು ಕಾಫಿ ಎಂದೇ ಬರೆದು ಬಿಡುತ್ತದೆ, ಕುಡಿಯುವುದು ಕಾಫಿಯನ್ನೇ ಎಂದು ಅದಕ್ಕೂ ಗೊತ್ತು.

ಹಾಗಾದರೆ ಊಹೆಗೆ ಎಡೆ ಇಲ್ಲದ ವಾಕ್ಯ ಬೇಕು, ಅಂದರೆ ಎರಡು ಪದಗಳಲ್ಲಿ ಯಾವುದನ್ನು ಇಟ್ಟರೂ ಅರ್ಥ ಕೂಡುವ ವಾಕ್ಯ ಬೇಕು. ‘ಐ ನೀಡ್ ಎ ಕಾಪಿ’, ‘ಐ ನೀಡ್ ಎ ಕಾಫಿ’: ಇಲ್ಲಿ ನಾಲಿಗೆ ಆಡಿದ್ದನ್ನೇ ಯಂತ್ರ ಬರೆಯಬೇಕಾಗುತ್ತದೆ. ನಮ್ಮ ಕಡೆ ಫೋನು ಪೋನಾಗುವ, ಫ್ಯಾನು ಪ್ಯಾನಾಗುವ ರೂಢಿ ಇರುವುದರಿಂದ ಇದು ಮೊದಲ ಪಾಠ. ಎರಡನೆಯದು ‘ಐ ಹೇಟ್ ಇಟ್’, ‘ಐ ಏಟ್ ಇಟ್’. ಹಾಲನ್ನು ಆಲು ಎನ್ನುವ, ಹಳ್ಳಿಯನ್ನು ಅಳ್ಳಿ ಎನ್ನುವ ಮಂಡ್ಯದ ನಾಲಿಗೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ, ಏಕೆಂದರೆ ಹಕಾರ ಬಿಡುವವರಷ್ಟೇ ಅಲ್ಲ, ತಿದ್ದಿಕೊಳ್ಳುವ ಆತುರದಲ್ಲಿ ಇಲ್ಲದ ಕಡೆ ಹಕಾರ ಹಚ್ಚುವವರೂ ಇಲ್ಲಿ ಸಿಕ್ಕಿಬೀಳುತ್ತಾರೆ. ಮೂರನೆಯದು ಸಕಾರ ಶಕಾರಗಳಿಗೆ: ‘ಪ್ಲೀಸ್ ಸೇವ್ ಹಿಮ್’, ‘ಪ್ಲೀಸ್ ಶೇವ್ ಹಿಮ್’. ನಾಲ್ಕನೆಯದು ಕಿವಿ ಮತ್ತು ವರ್ಷ ಎಂಬ ಅರ್ಥದ ಎರಡು ಪದಗಳು. ಕನ್ನಡ ಲಿಪಿಯಲ್ಲಿ ಎರಡನ್ನೂ ಇಯರ್ ಎಂದೇ ಬರೆಯುತ್ತೇವೆ, ಇಕಾರ ಎಕಾರಗಳಿಂದ ಶುರುವಾಗುವ ಪದಗಳಿಗೆ ಯಕಾರ ಹಚ್ಚಿ ಆಡುವ ನಮಗೆ ಅವೆರಡೂ ಒಂದೇ ಆಗಿರುತ್ತವೆ. ‘ದಟ್ ವಾಸ್ ಎ ಬ್ಯಾಡ್ ಇಯರ್’ ಎಂಬುದನ್ನು ಎರಡು ಅರ್ಥದಲ್ಲೂ ಬರೆಸಬಲ್ಲವರು ಮೊದಲ ತಿಂಗಳಲ್ಲಿ ಇಬ್ಬರೋ ಮೂವರೋ ಇರುತ್ತಾರೆ.

ಪ್ರತಿ ಜೋಡಿಯನ್ನು ಹತ್ತು ಸಲ ಆಡಿ, ಎಷ್ಟು ಸಲ ಸರಿಯಾಗಿ ಬಂತೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಸೇರಿದಾಗ ಹತ್ತಕ್ಕೆ ನಾಲ್ಕರ ಆಸುಪಾಸಿನಲ್ಲಿ ಇದ್ದವರು ಆರು ವಾರದಲ್ಲಿ ಎಂಟಕ್ಕೆ ಬರುತ್ತಾರೆ. ನನ್ನ ಪಟ್ಟಿಯಲ್ಲಿ ಈಗ ಅರವತ್ತಕ್ಕೂ ಹೆಚ್ಚು ಜೋಡಿವಾಕ್ಯಗಳಿವೆ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಕೊಟ್ಟಿದ್ದೇನೆ. ಉಳಿದವನ್ನೂ, ಅವುಗಳನ್ನು ಯಾವ ಕ್ರಮದಲ್ಲಿ ಕೊಡಬೇಕೆಂಬುದನ್ನೂ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದರ ಮೇಲಿದೆ. ಕ್ರಮ ತಪ್ಪಿದರೆ ಕೆಲಸವಾಗದು ಎಂಬುದನ್ನು ಮಾತ್ರ ಹೇಳಬಲ್ಲೆ.

ಒಂದು ಮಾತನ್ನು ನಾನು ಪ್ರತಿ ತಂಡಕ್ಕೂ ಮೊದಲ ದಿನವೇ ಹೇಳುತ್ತೇನೆ: ಆಲು ಎನ್ನುವುದು ತಪ್ಪಲ್ಲ, ಅದು ನಿಮ್ಮ ಅವ್ವನ ಮಾತು, ಮನೆಯಲ್ಲಿ ಅದನ್ನು ಬಿಡಬೇಡಿ. ಇಂಗ್ಲಿಷಿನಲ್ಲಿ ಹಕಾರ ಬಿಟ್ಟರೆ ಅರ್ಥ ಬದಲಾಗುತ್ತದೆ, ಆದ್ದರಿಂದ ಅಲ್ಲಿಗಷ್ಟೇ ಇದನ್ನು ಕಲಿಯಿರಿ. ಮಕ್ಕಳ ಮನೆಮಾತನ್ನು ಹೀಯಾಳಿಸಿ ಇಂಗ್ಲಿಷ್ ಕಲಿಸುವವರನ್ನು ನಾನು ಶಿಕ್ಷಕರೆಂದು ಒಪ್ಪಲಾರೆ. ಇದನ್ನು ಹೇಳಿದ ಮೇಲೆ ಹುಡುಗರ ಕುತ್ತಿಗೆಯ ಬಿಗಿ ಸಡಿಲವಾಗುವುದು ಕಣ್ಣಿಗೇ ಕಾಣುತ್ತದೆ.

ವ್ಯಾಕರಣಕ್ಕೆ ಆಂಕಿ ಬಳಸಿದೆ, ಕಲಿತದ್ದನ್ನು ಮರೆಯದಂತೆ ಕಾರ್ಡುಗಳ ರೂಪದಲ್ಲಿ ಮತ್ತೆ ಮತ್ತೆ ತೋರಿಸುವ ಆ್ಯಪ್ ಅದು. ಆಂಡ್ರಾಯ್ಡ್ ಫೋನಿನಲ್ಲಿ ಅದು ಉಚಿತ, ನಮ್ಮವರೆಲ್ಲರ ಬಳಿಯೂ ಅದೇ ಫೋನು. ಯಾರೋ ಮಾಡಿಟ್ಟ ಎರಡು ಸಾವಿರ ಪದಗಳ ಕಟ್ಟನ್ನು ಇಳಿಸಿ ಕೊಟ್ಟದ್ದು ನನ್ನ ದೊಡ್ಡ ತಪ್ಪು. ಹತ್ತು ದಿನದಲ್ಲಿ ನೋಡಬೇಕಾದ ಕಾರ್ಡುಗಳು ಗುಡ್ಡೆಯಾಗಿ ಎಲ್ಲರೂ ಆ್ಯಪನ್ನೇ ಅಳಿಸಿದರು. ಈಗ ಒಟ್ಟು 180 ಕಾರ್ಡು, ದಿನಕ್ಕೆ ಮೂರು ಹೊಸವು, ಮುಂದೆ ಕನ್ನಡ ವಾಕ್ಯ, ಹಿಂದೆ ಇಂಗ್ಲಿಷ್ ವಾಕ್ಯ ಮತ್ತು ನನ್ನ ದನಿ. ಬಿಡಿ ಪದ ಒಂದೂ ಇಲ್ಲ. ‘ನಾನು ನರ್ಸ್’ ಎಂಬುದರಲ್ಲಿ ಕ್ರಿಯಾಪದವೇ ಇಲ್ಲದಿರುವುದರಿಂದ ‘ಐ ನರ್ಸ್’ ಎಂದು ಬರುತ್ತದೆ, ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಎಂಬುದರ ‘ನನಗೆ’ಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ತಡವರಿಸುತ್ತಾರೆ, ‘ಹೋಗಲಿಲ್ಲ’ ಎಂಬುದು ‘ಡಿಡ್ ನಾಟ್ ವೆಂಟ್’ ಆಗುತ್ತದೆ. ಕನ್ನಡದಿಂದ ಹೊರಟಾಗ ಎಲ್ಲೆಲ್ಲಿ ಎಡವುತ್ತಾರೋ ಅಲ್ಲಲ್ಲಿಗೆ ಒಂದೊಂದು ಕಾರ್ಡು. ಇವು ಯಾವ ವಿದೇಶಿ ಆ್ಯಪಿನಲ್ಲೂ ಸಿಗುವುದಿಲ್ಲ, ನಾವೇ ಮಾಡಿಕೊಳ್ಳಬೇಕು. 180 ಕಾರ್ಡು ಮಾಡಲು ನನಗೆ ಒಂದು ಬೇಸಿಗೆ ಪೂರ್ತಿ ಹಿಡಿಯಿತು.

ನಡುವೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಇಂಗ್ಲಿಷ್ ಎರಡರಲ್ಲೂ ಸಿಗುವ ಮಕ್ಕಳ ಕಥೆಗಳನ್ನು ದೊಡ್ಡವರಿಗೆ ಓದಿಸಿ ನೋಡಿದೆ. ಡಿಪ್ಲೊಮಾ ಹುಡುಗರಿಗೆ ರುಚಿಸಲಿಲ್ಲ. ಆದರೆ ಮದುವೆಯಾದ ಮೂವರು ಹೆಣ್ಣುಮಕ್ಕಳು ಅವನ್ನು ತಮ್ಮ ಮಕ್ಕಳಿಗೆ ಓದಿ ಹೇಳಿ, ಆ ಓದನ್ನೇ ರೆಕಾರ್ಡ್ ಮಾಡಿ ಕಳಿಸತೊಡಗಿದರು. ನಾಲ್ಕನೆಯ ತಿಂಗಳಲ್ಲಿ ತಂಡದಲ್ಲೇ ಅತ್ಯಂತ ಸರಾಗವಾಗಿ ಓದುತ್ತಿದ್ದವರು ಆ ಮೂವರೇ.

ರೆಕಾರ್ಡಿಂಗ್ ಎಲ್ಲಿ ಮಾಡಬೇಕೆಂಬುದೂ ಒಂದು ಪ್ರಯೋಗವೇ ಆಯಿತು. ನಾಲೆ ಏರಿಯ ಮೇಲೆ ನಿಂತರೆ ಗಾಳಿಯ ಸದ್ದು ಮಾತನ್ನು ನುಂಗುತ್ತದೆ, ಮನೆಯೊಳಗೆ ಟಿವಿ. ಮಳವಳ್ಳಿ ಕಡೆಯ ಹುಡುಗನೊಬ್ಬನ ಸಂದೇಶಗಳಲ್ಲಿ ಒಂದು ವಾರ ಸಣ್ಣಗೆ ಮಳೆ ಹುಯ್ಯುವ ಸದ್ದು ಕೇಳುತ್ತಿತ್ತು. ಮಂಡ್ಯದಲ್ಲಿ ಬಿಸಿಲು ಸುಡುತ್ತಿರುವಾಗ ನಿಮ್ಮಲ್ಲಿ ಮಳೆಯೇ ಎಂದು ಕೇಳಿದರೆ, ಅವನು ಹುಳುಮನೆಯಲ್ಲಿ ಕುಳಿತು ಮಾತನಾಡುತ್ತಿದ್ದ. ನಾಲ್ಕನೆಯ ಜ್ವರ ಎದ್ದ, ಅಂದರೆ ನಾಲ್ಕನೆಯ ಸಲ ಪೊರೆ ಕಳಚಿದ ರೇಷ್ಮೆಹುಳುಗಳು ಸೊಪ್ಪು ತಿನ್ನುವ ಸದ್ದು ಅದು. ಅಷ್ಟು ನಿಶ್ಶಬ್ದವಾದ ಜಾಗ ಅವನ ಮನೆಯಲ್ಲಿ ಬೇರೆ ಇರಲಿಲ್ಲ, ಧ್ವನಿ ಟೈಪಿಂಗಿಗೂ ಆ ಸದ್ದಿನಿಂದ ತೊಂದರೆಯಾಗಲಿಲ್ಲ. ಅವನು ಈಗ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸದಲ್ಲಿದ್ದಾನೆ, ಇಂಟರ್ವ್ಯೂವನ್ನು ಪೂರ್ತಿ ಇಂಗ್ಲಿಷಿನಲ್ಲೇ ಮುಗಿಸಿದ. ಆ ತಂಡದಲ್ಲಿ ಹೀಗೆ ಕೆಲಸಕ್ಕೆ ಸೇರಿದವರು ಒಂಬತ್ತು ಮಂದಿ.

ಈಗಿನ ಖರ್ಚು ತಿಂಗಳಿಗೆ ಇಂಟರ್ನೆಟ್ಟಿನ ಏಳುನೂರು ಚಿಲ್ಲರೆ, ಕೊಠಡಿ ಬಾಡಿಗೆ 4,500. ಮೈಕಿಗೆ ಒಂದು ಸಲ ಒಂಬೈನೂರು ಕೊಟ್ಟದ್ದು ಬಿಟ್ಟರೆ ಹೊಸದೇನನ್ನೂ ಕೊಂಡಿಲ್ಲ. ಶುಲ್ಕ ತಲೆಗೆ 600. ಹಿಂದಿನ ನಷ್ಟ ತೀರಿ ಕೈಯಲ್ಲಿ ನಾಲ್ಕು ಕಾಸು ಉಳಿಯತೊಡಗಿದ್ದು ಕಳೆದ ವರ್ಷದಿಂದ.

ಎರಡು ಕಡೆ ಈ ವಿಧಾನ ಸೋತಿದೆ. ಪಶ್ಚಿಮ ಎಂಬ ಅರ್ಥದ ವೆಸ್ಟ್ ಮತ್ತು ಬನಿಯನ್ ಎಂಬ ಅರ್ಥದ ವೆಸ್ಟ್, ಇವುಗಳ ವಕಾರವನ್ನು ಭಾರತದ ಇಂಗ್ಲಿಷಿನ ಧ್ವನಿ ಟೈಪಿಂಗ್‌ನಿಂದ ಬೇರ್ಪಡಿಸಲು ನನ್ನಿಂದ ಆಗಲಿಲ್ಲ. ಅದನ್ನು ಪಟ್ಟಿಯಿಂದಲೇ ತೆಗೆದೆ, ಅದರಿಂದ ಯಾರ ಕೆಲಸವೂ ತಪ್ಪಿದ್ದನ್ನು ನಾನು ಕಂಡಿಲ್ಲ. ಇನ್ನೊಂದು, ಬಸ್ಸು, ಬುಕ್ಕು, ಬಿಲ್ಲು ಎಂದು ಪದದ ಕೊನೆಗೆ ನಾವು ಹಚ್ಚುವ ಉಕಾರ. ಇದನ್ನು ಬಿಡುವಂತಿಲ್ಲ, ಇಂಟರ್ವ್ಯೂ ಮಾಡುವವರ ಕಿವಿಗೆ ಮೊದಲು ಬೀಳುವುದೇ ಅದು. ಉಕಾರ ಇದ್ದರೂ ಇಲ್ಲದಿದ್ದರೂ ಅರ್ಥ ಕೂಡುವ ಒಳ್ಳೆಯ ಜೋಡಿವಾಕ್ಯ ನನಗೆ ಇನ್ನೂ ಸಿಕ್ಕಿಲ್ಲ. ನಿಮ್ಮಲ್ಲಿ ಯಾರಿಗಾದರೂ ಸಿಕ್ಕಿದ್ದರೆ ತಿಳಿಸಿ. ಬದಲಿಗೆ ಹಕಾರದ ಇನ್ನೂ ಐದು ಜೋಡಿಗಳನ್ನು ಕೊಡಲು ನಾನು ಸಿದ್ಧನಿದ್ದೇನೆ.