ಕ್ಯಾಸೆಟ್ಟಿನ ತಾಳಮದ್ದಳೆ ಇನ್ನು ಮಾರಾಟವಾಗುವ ಬಗೆ

ಕುಂಬಳೆ, ಬದಿಯಡ್ಕ ಕಡೆಯ ಮನೆಗಳ ಅಟ್ಟದಲ್ಲಿ ತಾಳಮದ್ದಳೆಯ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತೇ ನಡೆಸುವ ಯಕ್ಷಗಾನದ, ಕ್ಯಾಸೆಟ್ಟುಗಳು ಇನ್ನೂ ಉಂಟು. ಅವನ್ನು ಡಿಜಿಟಲ್ ಮಾಡಿ ಮಾರುವುದು ನನ್ನ ಕೆಲಸ. ಭಾಗವತರು ಹಾಡಿದ ಬಿಡಿ ಪದಗಳನ್ನು ಜನ ಆ್ಯಪಿನಲ್ಲೇ ಕೇಳುತ್ತಾರೆ. ಮೂರು ಗಂಟೆಯ ಪ್ರಸಂಗವನ್ನಾದರೆ ದುಡ್ಡು ಕೊಟ್ಟು ಕೈಯಲ್ಲಿಟ್ಟುಕೊಳ್ಳುತ್ತಾರೆ. ಇನ್ನು ಮುಂದೆಯೂ ಹೀಗೇ ಸಾಗುತ್ತದೆಂದು ನಂಬಿ, ಒಂದೇ ಧ್ವನಿಮುದ್ರಣವನ್ನು ಎರಡು ರೂಪದಲ್ಲಿ ಸಿದ್ಧ ಮಾಡುತ್ತೇನೆ.

ನಮ್ಮ ಮಳೆಗಾಲದ ಥಂಡಿಗೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿರುತ್ತದೆ. ಹಾಗೇ ಹಾಕಿದರೆ ಅದು ಡೆಕ್ಕಿನಲ್ಲಿ ಟೇಪನ್ನು ಓದುವ ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಹಾಗಾಗಿ ಮೊದಲು ಬೇರೆಯೇ ಒಂದು ಹಳೆಯ ಡೆಕ್ಕಿನಲ್ಲಿ ಪೂರ್ತಿ ಸುತ್ತಿಸಬೇಕು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ಡನ್ನು ಒರೆಸಬೇಕು. ಸ್ವರ ಮಂಕಾಗಿ ಕೇಳಿದ ಕೂಡಲೇ ಟೇಪು ಹಾಳಾಗಿದೆ ಎನ್ನಬೇಡಿ. ಹೆಡ್ಡು ಓರೆಯಾಗಿದ್ದರೂ ಹಾಗಾಗುತ್ತದೆ. ಮೊನೊದಲ್ಲಿ ಕೇಳುತ್ತಾ, ಚಕ್ರತಾಳವೆಂಬ ಲೋಹದ ತಾಳದ ನಾದ ಬಿಡಿಸಿ ಕೇಳುವ ತನಕ ಹೆಡ್ಡಿನ ಪಕ್ಕದ ಸ್ಕ್ರೂವನ್ನು ತುಸು ತುಸುವೇ ತಿರುಗಿಸಿ.

ರೆಕಾರ್ಡಿಂಗ್ 24 ಬಿಟ್, 48 ಕಿಲೋಹರ್ಟ್ಸ್. ಚೆಂಡೆಯ ಪೆಟ್ಟು −6 ಡೆಸಿಬೆಲ್ ದಾಟಬಾರದು. ಸಿ-90 ಕ್ಯಾಸೆಟ್ಟಿನ ಒಂದು ಬದಿ, ಅಂದರೆ 45 ನಿಮಿಷ, ಸ್ಟೀರಿಯೊದಲ್ಲಿ ಸುಮಾರು 780 ಎಂಬಿ ಆಗುತ್ತದೆ. ಗುಂಯ್ ಸದ್ದನ್ನು 6 ಡೆಸಿಬೆಲ್‌ಗಿಂತ ಹೆಚ್ಚು ತೆಗೆಯುವುದಿಲ್ಲ. ತೆಗೆದರೆ ಚಕ್ರತಾಳ ನೀರಿನೊಳಗೆ ಬಾರಿಸಿದ ಹಾಗೆ ಕೇಳುತ್ತದೆ, ಪಾತ್ರದ ಮಾತಾಡುವ ಅರ್ಥಧಾರಿಯ ಉಸಿರೂ ಹೋಗುತ್ತದೆ. ಆ ಉಸಿರು ನನಗೆ ಬೇಕು.

ಆ್ಯಪಿಗೆ ಪದಗಳನ್ನು ಬಿಡಿಬಿಡಿಯಾಗಿ ಕತ್ತರಿಸಬೇಕು. ಸ್ಪಾಟಿಫೈಯಲ್ಲಿ 30 ಸೆಕೆಂಡು ಕೇಳಿದರೆ ಒಂದು ಸಲ ಕೇಳಿದ ಲೆಕ್ಕ; ಪದ ಎಂಟು ನಿಮಿಷವಿದ್ದರೂ ಅಷ್ಟೇ. 2024ರಿಂದ, ಹನ್ನೆರಡು ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದ ಟ್ರ್ಯಾಕಿಗೆ ಅಲ್ಲಿ ಹಣವೇ ಇಲ್ಲ. ಹಾಗಾಗಿ ಅದನ್ನು ಆದಾಯವೆಂದು ನೆಚ್ಚಬಾರದು, ಕೇಳುಗ ನಮ್ಮನ್ನು ಹುಡುಕಿ ಬರುವ ದಾರಿ ಎಂದೇ ಇಟ್ಟುಕೊಳ್ಳಬೇಕು. ಭಾಗವತರ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದಕ್ಷರ ಬದಲಾದರೂ ಎರಡು ಪುಟಗಳಾಗಿ ಕೇಳುಗರು ಹಂಚಿಹೋಗುತ್ತಾರೆ. ಆ್ಯಪಿಗೆ ಪದಗಳನ್ನು ತಲುಪಿಸುವ ವಿತರಕರನ್ನು ಬದಲಿಸಿದರೂ ಪ್ರತಿ ಪದದ ಹಳೆಯ ಐಎಸ್‌ಆರ್‌ಸಿ ಸಂಖ್ಯೆಯನ್ನೇ, ಅಂದರೆ ಆ ಧ್ವನಿಮುದ್ರಣದ ಗುರುತಿನ ಸಂಖ್ಯೆಯನ್ನೇ, ಕೊಡಿ.

ಇದಕ್ಕೆಲ್ಲ ಮೊದಲು ಒಪ್ಪಿಗೆ. ಕ್ಯಾಸೆಟ್ಟು ಕೈಯಲ್ಲಿದ್ದ ಮಾತ್ರಕ್ಕೆ ಮಾರುವ ಹಕ್ಕು ಬರುವುದಿಲ್ಲ. ನಮ್ಮ ಕಾನೂನಿನಲ್ಲಿ ಕಲಾವಿದರ ಹಕ್ಕು 50 ವರ್ಷ, ಪ್ರಕಟವಾದ ಧ್ವನಿಮುದ್ರಣದ ಹಕ್ಕು 60 ವರ್ಷ. ಭಾಗವತರು, ಅರ್ಥಧಾರಿಗಳು ಮಾತ್ರವಲ್ಲ, ಚೆಂಡೆ ಮದ್ದಳೆಯವರ ಸಹಿಯೂ ಬೇಕು, ತೀರಿಹೋಗಿದ್ದರೆ ಮನೆಯವರದು. ಪಾಲು ಎಷ್ಟೆಂದು ಅದೇ ಕಾಗದದಲ್ಲಿ ಬರೆದುಬಿಡಿ.

ಪೂರ್ತಿ ಪ್ರಸಂಗವನ್ನು ಡೌನ್‌ಲೋಡಿಗೂ ಪೆನ್‌ಡ್ರೈವಿನಲ್ಲೂ ಕೊಡುತ್ತೇನೆ. 192 ಕೆಬಿಪಿಎಸ್ ಎಂಪಿ3ಯಲ್ಲಿ ಮೂರು ಗಂಟೆಗೆ ಸುಮಾರು 260 ಎಂಬಿ ಸಾಕು. ಪೆನ್‌ಡ್ರೈವ್ 32 ಜಿಬಿ ಮೀರದಿರಲಿ, ಫ್ಯಾಟ್32ರಲ್ಲೇ ಫಾರ್ಮ್ಯಾಟ್ ಆಗಲಿ. ಬೇರೆಯದನ್ನು ಎಷ್ಟೋ ಕಾರ್ ಸ್ಟೀರಿಯೊಗಳು ಓದುವುದಿಲ್ಲ. ಕೆಲವು ಸ್ಟೀರಿಯೊಗಳು ಹೆಸರಿನ ಕ್ರಮ ಬಿಟ್ಟು ಕಾಪಿ ಮಾಡಿದ ಕ್ರಮದಲ್ಲೇ ನುಡಿಸುತ್ತವೆ. ಹಾಗಾಗಿ 01, 02 ಎಂದು ಹೆಸರಿಟ್ಟ ಮೇಲೂ ಫೈಲುಗಳನ್ನು ಒಂದೊಂದಾಗಿ, ಸರದಿಯಲ್ಲೇ ಹಾಕಿ. ಇಲ್ಲದಿದ್ದರೆ ಪೀಠಿಕೆಗೆ ಮೊದಲೇ ಮಂಗಳ ಪದ ಬಂದೀತು.