ಹಳೇ ಶೆಡ್ಡಿನ ವಿಷವನ್ನು ಪುಕ್ಕಟೆಯಾಗಿ ಸಾಗಿಸಿದೆ

ಕೆಲಸ ಮುಗಿದಿದೆ, ದುಡ್ಡೂ ಉಳಿದಿದೆ. ಆಗಲ್ಲ ಅಂದವರೇ ಜಾಸ್ತಿ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ ಸೇಬಿನ ತೋಟ ಕೊಂಡಾಗ ಅದರ ಜೊತೆ ಒಂದು ಶೆಡ್ಡೂ ಬಂತು. ಶೆಡ್ಡಿನ ತುಂಬ ಹುಳಕ್ಕೆ ಹೊಡೆಯುವ ಹಳೇ ಔಷಧಿ, ಹತ್ತಿರ ಹತ್ತಿರ 400 ಕಿಲೋ. ಇಂಥದ್ದನ್ನು ಇಲ್ಲಿನ ರಾಜ್ಯ ಕೃಷಿ ಇಲಾಖೆ ಪುಕ್ಕಟೆ ತಗೊಳ್ಳುತ್ತದೆ, 1988ರಿಂದ ತಗೊಳ್ಳುತ್ತಲೇ ಇದೆ. ಆದರೂ ಪಕ್ಕದ ತೋಟದವರು ನಕ್ಕರು. "ಹೆಸರು ಬರೆಸಿದರೆ ನಾಳೆ ಇನ್ಸ್‌ಪೆಕ್ಟರ್ ಬಾಗಿಲಿಗೆ ಬರ್ತಾನೆ" ಅಂದರು. ಸಾಗರದಿಂದ ಭಾವ ಫೋನಿನಲ್ಲಿ, "ಗುಂಡಿ ತೋಡಿ ಹೂತುಬಿಡು ಮಾರಾಯ, ಯಾರು ನೋಡ್ತಾರೆ?" ಅಂದರು. ನೋಡುವವರ ಮಾತು ಬಿಡಿ, ನಮ್ಮ ಬಾವಿ ಇರುವುದೇ ಶೆಡ್ಡಿನ ಪಕ್ಕದಲ್ಲಿ.

ಒಳಗೆ ಏನೇನಿತ್ತು ಅಂದರೆ, ಸೇಬು ಕೊರೆಯುವ ಕಾಡ್ಲಿಂಗ್ ಹುಳಕ್ಕೆ ಹಿಂದೆ ಹೊಡೆಯುತ್ತಿದ್ದ ಲೆಡ್ ಆರ್ಸೆನೇಟ್ (ಸೀಸ, ಆರ್ಸೆನಿಕ್ ಸೇರಿದ ವಿಷ), ಗುಲಾಬಿ ಬಣ್ಣ ಬೆರೆಸಿದ ಪುಡಿ. 1972ರಲ್ಲೇ ನಿಷೇಧವಾದ ಡಿಡಿಟಿ. ಸೋರುತ್ತಿದ್ದ ಪ್ಯಾರಾಥಿಯಾನ್ ಅನ್ನುವ ಘೋರ ಕೀಟನಾಶಕದ ಡಬ್ಬಿ ಒಂದು. 2013ರ ಹಂಗಾಮಿನ ನಂತರ ಸೇಬಿಗೆ ಹೊಡೆಯುವಂತಿಲ್ಲದ ಗುಥಿಯಾನ್ ಅನ್ನುವ ಕೀಟನಾಶಕ. ಮೂಲೆಯಲ್ಲಿ ಎಂಡೋಸಲ್ಫಾನ್. ಕಾಸರಗೋಡಿನ ಕಥೆ ಗೊತ್ತಿರುವ ನಮಗೆ ಆ ಹೆಸರು ಓದಿದರೇ ಕೈ ಹಿಂದಕ್ಕೆ ಬರುತ್ತದೆ, ಅಲ್ವಾ?

ಮೊದಲು ಒಂದು ಖಾಸಗಿ ಕಂಪನಿಯನ್ನು ಕೇಳಿದೆ. ಆರೇಳು ಸಾವಿರ ಡಾಲರ್ ಅಂದರು. ಲೇಬಲ್ ಇಲ್ಲದ ಡಬ್ಬಿಗೆ ಲ್ಯಾಬ್ ಖರ್ಚು ಬೇರೆ. ಆಮೇಲೆ ಮನೆಬಳಕೆಯ ವಿಷ ತಗೊಳ್ಳುವ ಒಂದು ಯಾರ್ಡಿಗೆ ಸಣ್ಣ ಡಬ್ಬಿಗಳನ್ನಷ್ಟೇ ಒಯ್ದೆ. "ತೋಟದ್ದಾ?" ಅಂತ ಕೇಳಿ ಗೇಟಿನಿಂದಲೇ ವಾಪಸ್ ಕಳಿಸಿದರು. ಡೀಸೆಲ್ ಖರ್ಚಾಯಿತು, ಅರ್ಧ ದಿನವೂ ಹೋಯಿತು.

ಇಲಾಖೆಯ ಯೋಜನೆಯಲ್ಲಿ ಸುಮ್ನೆ ಲೋಡು ಮಾಡಿಕೊಂಡು ಹೋಗುವಂತಿಲ್ಲ. ಮೊದಲೇ ಪಟ್ಟಿ ಕೊಟ್ಟು ಹೆಸರು ಬರೆಸಬೇಕು. ಯಾವ ಔಷಧಿ, ಯಾವ ಅಳತೆಯ ಡಬ್ಬಿ, ಒಳಗೆ ಎಷ್ಟು ಉಳಿದಿದೆ, ಎಲ್ಲ ಬೇಕು. ತಲೆನೋವು ಇರುವುದೇ ಇಲ್ಲಿ. ನನ್ನ ಡಬ್ಬಿಗಳಲ್ಲಿ ಕಾಲು ಭಾಗಕ್ಕೆ ಲೇಬಲ್ ಇರಲಿಲ್ಲ, ಇಲಿ ತಿಂದಿತ್ತು. ಪಟ್ಟಿ ಮುಗಿಯುವಷ್ಟರಲ್ಲಿ ಆ ಸಲದ ಗಡುವು ದಾಟಿತು. ಮುಂದಿನ ಸಂಗ್ರಹದ ದಿನಕ್ಕೆ ಕಾದೆ. ಪಕ್ಕದವರು ಮತ್ತೆ ನಕ್ಕರು.

ಅರ್ಧಂಬರ್ಧ ಲೇಬಲ್ ಇದ್ದರೆ ನೋಂದಣಿ ಸಂಖ್ಯೆ ಹುಡುಕಿ. ಇಪಿಎ (ಇಲ್ಲಿನ ಪರಿಸರ ಸಂಸ್ಥೆ) ಬದಲು ಯುಎಸ್‌ಡಿಎ (ಕೇಂದ್ರದ ಕೃಷಿ ಇಲಾಖೆ) ಅಂತ ಇದ್ದರೆ ಆ ಲೇಬಲ್ ಹೆಚ್ಚುಕಡಿಮೆ 1970ಕ್ಕಿಂತ ಹಿಂದಿನದು. ಆಗ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ. ಪೂರ್ತಿ ಬೋಳು ಡಬ್ಬಿಗಳನ್ನೂ ಮುಚ್ಚಳ ತೆಗೆಯದೆ, ಮೂಸದೆ, ಎರಡು ಬಿಟ್ಟು ಮಿಕ್ಕಿದ್ದೆಲ್ಲ ಗುರುತಿಸಿದೆ. ಹೇಗೆ ಅನ್ನುವುದು ನನ್ನಲ್ಲೇ ಇರಲಿ. ಇಲ್ಲಿ ಇನ್ನೂ ಬೇಕಾದಷ್ಟು ಶೆಡ್ಡುಗಳಿವೆ, ಆ ಉಪಾಯಕ್ಕೆ ಬೆಲೆ ಇದೆ.

ಎಲ್ಲವನ್ನೂ ಕೊಟ್ಟುಬಿಡಬೇಡಿ. ಇನ್ನೂ ನೋಂದಣಿ ಇರುವ, ಲೇಬಲ್ ಸರಿಯಾಗಿರುವ ಎಣ್ಣೆ ಔಷಧಿಗಳನ್ನು ಗಾಜಿನ ಬಾಟಲಿಯ ನೀರಿಗೆ ನಾಲ್ಕು ಹನಿ ಬಿಟ್ಟು ನೋಡಿದೆ. ಹಾಲಿನ ಹಾಗೆ ಬೆಳ್ಳಗೆ ಹರಡಿದರೆ ಸರಿ. ಎಣ್ಣೆ ಮೇಲೆ ತೇಲಿದರೆ ಚಳಿಗೆ ಒಡೆದಿದೆ, ಪಟ್ಟಿಗೆ ಸೇರಿಸಿ. ನನ್ನದರಲ್ಲಿ ಹೆಚ್ಚಿನವು ಒಡೆದಿದ್ದವು. ಮೈಲುತುತ್ತ ಮಾತ್ರ ಗಟ್ಟಿಯಾಗಿತ್ತೇ ಹೊರತು ಕೆಟ್ಟಿರಲಿಲ್ಲ. ಅಡಿಕೆಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ಹೊಡೆದು ಬೆಳೆದವನು ನಾನು, ಅದನ್ನು ಬಿಡುತ್ತೇನಾ? ಕುಟ್ಟಿ, ಜರಡಿ ಹಿಡಿದು ಇಟ್ಟುಕೊಂಡೆ.

ಸೋರುವ ಡಬ್ಬಿಯನ್ನು ಹಾಗೇ ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿನಲ್ಲಿಟ್ಟು, ಸುತ್ತ ಬೆಕ್ಕಿನ ಕಕ್ಕಸಿಗೆ ಹಾಕುವ ಮಣ್ಣು ತುಂಬಿದೆ. ಮರದ ಹೊಟ್ಟಿಗಿಂತ ಇದು ಚೆನ್ನಾಗಿ ಹೀರುತ್ತದೆ, ಎರಡನ್ನೂ ನೀರು ಸುರಿದು ನೋಡಿದ್ದೇನೆ. ಕೈಗವಸು, ಮುಖವಾಡದ ಫಿಲ್ಟರ್, ಬಕೆಟ್ಟು, ಮಣ್ಣು ಎಲ್ಲ ಸೇರಿ ಸುಮಾರು 250 ಡಾಲರ್ ಆಯಿತು. ಡೀಸೆಲ್ ಬಿಟ್ಟರೆ ಖರ್ಚು ಅಷ್ಟೇ.

ಸಂಗ್ರಹದ ದಿನ ಪಿಕಪ್ಪಿನ ಹಿಂದೆ ಟಾರ್ಪಾಲು ಬಿಗಿದು ಹೋದೆ. ಕವಚ ತೊಟ್ಟವರು ಬಂದು ತಾವೇ ಇಳಿಸಿಕೊಂಡರು, ನಾನು ಸೀಟಿನಿಂದ ಏಳಲೇ ಇಲ್ಲ. ಇನ್ಸ್‌ಪೆಕ್ಟರೂ ಬರಲಿಲ್ಲ, ದಂಡವೂ ಇಲ್ಲ. ಮಾಲು ಇಂಥ ವಿಷಕ್ಕೇ ಅಂತ ಲೈಸೆನ್ಸ್ ಇರುವ ಸುಡುವ ಘಟಕಕ್ಕೆ ಹೋಗುತ್ತದೆ. ಖಾಲಿ ಡಬ್ಬಿ, ಗೊಬ್ಬರ, ಪೇಂಟು ಇಲ್ಲಿ ತಗೊಳ್ಳುವುದಿಲ್ಲ. ಪ್ಲಾಸ್ಟಿಕ್ ಕ್ಯಾನುಗಳನ್ನು ಮೂರು ಸಲ ತೊಳೆದು ಬೇರೆ ಮರುಬಳಕೆಯವರಿಗೆ ಕೊಡಬೇಕು.

ಮಣ್ಣಿನಲ್ಲಿ ಸೇರಿದ್ದನ್ನು ಮಾತ್ರ ಯಾರೂ ಒಯ್ಯುವುದಿಲ್ಲ. ಸೀಸ, ಆರ್ಸೆನಿಕ್ ಎರಡೂ ಇಳಿದು ಹೋಗದೆ ಮೇಲ್ಮಣ್ಣಿನಲ್ಲೇ ಕೂತಿರುತ್ತವೆ. ಅದಕ್ಕೇ ತರಕಾರಿಗೆ ಹಲಗೆ ಕಟ್ಟಿ ಎತ್ತರದ ಮಡಿ ಮಾಡಿ, ಕೊಂಡು ತಂದ ಮಣ್ಣು ತುಂಬಿ ಮೆಂತ್ಯ, ಬದನೆ ಹಾಕಿದ್ದೇನೆ. ಒಂದು ಮಡಿಗೆ 80 ಡಾಲರ್ ಬಿತ್ತು.